ಆಯೇರಿ ಕುಕ್ಕರಿನ ಖಟ್ಲೆ

ಒಂದು ಮನೆಗೆ ಎಷ್ಟು ಕುಕ್ಕರ್ ಬೇಕು? ಒಂದು, ಬಹಳವಾದರೆ ಎರಡು. ಆದರೆ ನಮ್ಮ ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ಸೀಮೆಯಲ್ಲಿ ಹೊಸದಾಗಿ ಮದುವೆ ಮಾಡಿದ ಯಾವುದೇ ಮನೆಯ ಅಟ್ಟ ಹತ್ತಿ ನೋಡಿ, ಡಬ್ಬಿ ಬಿಚ್ಚದ ಕುಕ್ಕರುಗಳು ಸಾಲು ಹಿಡಿದು ಕೂತಿರುತ್ತವೆ. ಪಕ್ಕದಲ್ಲಿ ಮಿಕ್ಸರ್, ಗೋಡೆ ಗಡಿಯಾರ, ಊಟದ ಡಬ್ಬಿ, ಮತ್ತೊಂದು ಗೋಡೆ ಗಡಿಯಾರ. ಎಲ್ಲವೂ ಆಯೇರಿ. ಬೀಗರು, ಗೆಳೆಯರು, ಓಣಿಯವರು ಮದುವೆಯಲ್ಲಿ ಕೊಡುವ ಉಡುಗೊರೆಗೆ ನಾವು ಆಯೇರಿ ಅನ್ನುತ್ತೇವೆ. ಕೊಟ್ಟವರ ಹೆಸರನ್ನು ಮಂಟಪದ ಮೈಕಿನಲ್ಲಿ ಕೂಗುವ ರೂಢಿ ಇರುವುದರಿಂದ ಡಬ್ಬಿ ದೊಡ್ಡದಿದ್ದಷ್ಟೂ ಕೊಟ್ಟವರಿಗೆ ಸಮಾಧಾನ. ತೆಗೆದುಕೊಂಡವರಿಗೆ ಅಟ್ಟ ಸಾಲದು.

ನಾನು ಶೀಲಾ, ತಿಳವಳ್ಳಿಯ ಸೊಸೆ. ಆ ಅಟ್ಟಗಳ ಮೇಲೆ ಕಣ್ಣಿಟ್ಟೇ ನನ್ನ ವ್ಯಾಪಾರ ಶುರುವಾಯಿತು. ಮೊದಲು ನನ್ನ ಮದುವೆಯಲ್ಲಿ ಬಂದು ಧೂಳು ತಿನ್ನುತ್ತಿದ್ದ ಮಿಕ್ಸರೊಂದರ ಫೋಟೋ ತೆಗೆದು ಆನ್‌ಲೈನ್ ಅಂಗಡಿಗೆ ಹಾಕಿದೆ. ಮರುದಿನವೇ ರಾಯಚೂರಿನ ಯಾರೋ ಕೊಂಡರು. ಆಮೇಲೆ ಪಕ್ಕದ ಮನೆಯವಳು ಸೆರಗಿನಲ್ಲಿ ಮುಚ್ಚಿಕೊಂಡು ಎರಡು ಕುಕ್ಕರ್ ತಂದಳು. ವರ್ಷ ಕಳೆಯುವುದರೊಳಗೆ ಸರಕಾರಿ ನೋಂದಣಿ ಮಾಡಿಸಿ, ಸ್ಕೂಟಿ ಹತ್ತಿ ನಾಲ್ಕು ತಾಲೂಕು ಸುತ್ತತೊಡಗಿದ್ದೆ. ಮದುವೆ ಸೀಜನ್ ಮುಗಿದ ಕೂಡಲೇ ನನ್ನ ಸೀಜನ್ ಹತ್ತುತ್ತಿತ್ತು. ಗಂಡ ಶರಣು ಹೊಲ ನೋಡುತ್ತಿದ್ದ, ಗೋವಿನಜೋಳದ ಕೆಲಸ ಇಲ್ಲದಾಗ ನನ್ನ ಪಾರ್ಸಲ್ ಕಟ್ಟುತ್ತಿದ್ದ. ಅತ್ತೆ ಮಹಾದೇವಕ್ಕ ಮೊದಮೊದಲು ಮುಖ ಗಂಟಿಕ್ಕಿದರೂ ಆಮೇಲೆ ಯಾವ ಮನೆಯಲ್ಲಿ ಎಷ್ಟು ಗಡಿಯಾರ ಬಿದ್ದಿವೆ ಎಂಬ ಸುದ್ದಿಯನ್ನು ಗುಡಿಯಿಂದ ತಾವೇ ತರುತ್ತಿದ್ದರು.

ಈ ವ್ಯಾಪಾರಕ್ಕೆ ಇದ್ದದ್ದು ಒಂದೇ ಕಟ್ಟಳೆ. ಯಾರ ಅಟ್ಟದಿಂದ ಬಂತು ಎಂದು ಬಾಯಿ ಬಿಡಬಾರದು. ಸೋದರಮಾವ ಕೊಟ್ಟ ಮಿಕ್ಸರನ್ನು ಮಾರಿದ್ದು ಅವನ ಕಿವಿಗೆ ಬಿದ್ದರೆ ಮುಗಿಯಿತು, ಅವನು ಮತ್ತೆ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಹೆಂಗಸರು ನನಗೆ ಸಾಮಾನು ಕೊಡುವಾಗ ಬೆಲೆಗಿಂತ ಹೆಚ್ಚು ಕೇಳುತ್ತಿದ್ದದ್ದು ಇದನ್ನೇ: ಯಾರಿಗೂ ಹೇಳಂಗಿಲ್ಲ ಹೌದಿಲ್ಲೋ? ನಾನು ಹೇಳುತ್ತಿರಲಿಲ್ಲ. ಗಂಡನಿಗೂ ಹೇಳುತ್ತಿರಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಓಣಿಯವರೆಲ್ಲ ಆಡಿಕೊಳ್ಳುತ್ತಾರೆ, ನಿಜವೂ ಹೌದು, ಆದರೆ ಎಷ್ಟು ಸಿಟ್ಟು ಬಂದರೂ ಬಾಯಿ ಜಾರಿದವಳಲ್ಲ.

ಇನ್ನೊಂದು ಮಾತು. ಡಬ್ಬಿ ಕಂಪನಿಯ ಟೇಪಿನಲ್ಲಿ ಹಾಗೇ ಇದ್ದರೆ ನಾನು ಬಿಚ್ಚುತ್ತಿರಲಿಲ್ಲ, ಬಿಚ್ಚಿದರೆ ಬೆಲೆ ಇಳಿಯುತ್ತದೆ. ‘ಮದುವೆಯಲ್ಲಿ ಉಡುಗೊರೆ ಬಂದ, ಬಳಸದ, ಡಬ್ಬಿ ಬಿಚ್ಚದ ವಸ್ತು’ ಎಂದು ಬರೆದೇ ಮಾರುತ್ತಿದ್ದೆ. ಒಂದು ಸುಳ್ಳು ಅಕ್ಷರ ಅದರಲ್ಲಿ ಇರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ, ರೊಟ್ಟಿ ಬಡಿಯುತ್ತಿದ್ದೆ, ಮೊಬೈಲ್ ಸದ್ದು ಮಾಡಿತು. ಆರ್ಡರ್ ಬಂದಿರಬೇಕೆಂದು ಹಿಟ್ಟಿನ ಕೈಯಲ್ಲೇ ಒತ್ತಿದೆ. ‘ನಿಮ್ಮ ಅಂಗಡಿಯನ್ನು ಸ್ಥಗಿತಗೊಳಿಸಲಾಗಿದೆ. ಕಾರಣ: ನಕಲಿ ಸರಕು ಮಾರಾಟ.’ ಸಿರಿಗಂಟೆ ಕುಕ್ಕರ್ ಕಂಪನಿ ನನ್ನ ಮೇಲೆ ದೂರು ಕೊಟ್ಟಿತ್ತು. ನನ್ನಿಂದ ಒಂದು ಕುಕ್ಕರನ್ನು ತಾವೇ ಗುಟ್ಟಾಗಿ ಕೊಂಡು ತರಿಸಿ, ಪರೀಕ್ಷೆ ಮಾಡಿ, ಅದು ತಮ್ಮದಲ್ಲ ಎಂದು ತೀರ್ಮಾನಿಸಿದ್ದರಂತೆ. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಏಳುತ್ತಿದ್ದರೂ ನನಗೆ ಗೊತ್ತಾಗಲಿಲ್ಲ.

ಅಂಗಡಿ ಮುಚ್ಚಿದ್ದನ್ನು ಹೇಗೋ ತಡೆದುಕೊಳ್ಳುತ್ತಿದ್ದೆ. ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ. ನನ್ನಿಂದ ಸಿರಿಗಂಟೆ ಕುಕ್ಕರ್ ಕೊಂಡ ಪ್ರತಿಯೊಬ್ಬರಿಗೂ ಸಂದೇಶ ಹೋಯಿತು: ಶೀಲಾ ಎಂಬುವರಿಂದ ನೀವು ಕೊಂಡ ಕುಕ್ಕರ್ ನಕಲಿ, ಬಳಸಬೇಡಿ. ದೂರದ ಊರಿನವರ ಮಾತು ಬಿಡಿ, ನಮ್ಮ ಸೀಮೆಯಲ್ಲೇ ಕೊಂಡವರು ಎಷ್ಟೋ ಜನರಿದ್ದರು. ಮಾಸೂರಿನ ಉಳಿವೆಪ್ಪ ಎಂಬ ಹಿರಿಯರು ಬಸ್ಸು ಹತ್ತಿ ಕುಕ್ಕರ್ ಹಿಡಿದುಕೊಂಡು ನಮ್ಮ ಮನೆಗೇ ಬಂದರು. ಬಂದವರು ಒಳಗೆ ಬರಲಿಲ್ಲ, ಕಟ್ಟೆಯ ಮೇಲೆ ಇಟ್ಟು ನಿಂತರು. ಓಣಿಯ ಮಂದಿ ಕೂಡಿತು.

“ಮನ್ಯಾಗ ಸಣ್ಣ ಹುಡುಗರು ಅದಾವವ್ವ. ಒಲಿ ಮ್ಯಾಲ ಇದು ಸಿಡಿದಿದ್ರ ಏನ್ ಗತಿ ಆಗ್ತಿತ್ತು? ನಿಮ್ಮ ಮನಿತನ ನೋಡಿ ತಗೊಂಡಿದ್ದೆ ನಾ.”

“ಖೊಟ್ಟಿ ಅಲ್ಲರೀ ಅದು, ನನ್ನ ಮಾತು ಕೇಳ್ರಿ,” ಎಂದೆ.

“ಕಂಪನ್ಯಾವ್ರ ಹೇಳಾಕತ್ತಾರಲ್ಲ,” ಎಂದು ಅವರು ಬಸ್ ಸ್ಟ್ಯಾಂಡಿನ ಕಡೆ ಹೊರಟೇಬಿಟ್ಟರು.

ಅವರು ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಬೈಯಲಿಲ್ಲ, ಅದಕ್ಕೇ ಅಳು ಬಂತು. ಆ ವಾರವೆಲ್ಲ ನಾನು ನೀರಿಗೆ ಹೋದರೂ ಕಿರಾಣಿಗೆ ಹೋದರೂ ಖೊಟ್ಟಿ ಮಾಲಿನ ಶೀಲಾ ಆದೆ. ಅತ್ತೆ ಗುಡಿಗೆ ಹೋಗುವುದನ್ನು ಬಿಟ್ಟರು.

ಅದರ ಹಿಂದೆಯೇ ಕಂಪನಿಯ ವಕೀಲರಿಂದ ನೋಟೀಸು ಬಂತು, ಮುಂಬೈಯಿಂದ. ಅದರ ಜೊತೆ ಒಂದು ಮುಚ್ಚಳಿಕೆ ಪತ್ರ. ‘ನಾನು ನಕಲಿ ಸರಕು ಮಾರಿದ್ದು ನಿಜ, ಇನ್ನು ಮುಂದೆ ಮಾರುವುದಿಲ್ಲ’ ಎಂದು ಸಹಿ ಹಾಕಿ ಕಳಿಸಿದರೆ ಕ್ಷಮಿಸಿ ಬಿಡುತ್ತಾರಂತೆ, ಬೇರೆ ಸಾಮಾನು ಮಾರಲು ಅಂಗಡಿಯೂ ತೆರೆಯುತ್ತದಂತೆ. ಸಹಿ ಹಾಕದಿದ್ದರೆ ಫೌಜದಾರಿ ಕೇಸು.

“ಸಹಿ ಹಾಕಿ ಕೈ ತೊಳ್ಕೊ,” ಎಂದ ಶರಣು. “ಅಷ್ಟು ದೊಡ್ಡ ಕಂಪನಿ ಜೋಡಿ ಗುದ್ದಾಡಾಕ ನಮಗೇನು ಹುಚ್ಚ? ಕುಕ್ಕರ್ ಬಿಟ್ಟು ಗಡಿಯಾರ ಮಾರಿದ್ರಾತು.”

“ಮಾಡದ ಕಳವು ಮಾಡೇನಿ ಅಂತ ಬರಕೊಡ್ಲೇನು?”

“ಯಾರು ಓದ್ತಾರ ಅದನ್ನ?”

“ನಾ ಓದೇನಲ್ಲ,” ಎಂದೆ. ಅವನು ಎದ್ದು ಹೊಲಕ್ಕೆ ಹೋದ.

ಆನ್‌ಲೈನ್ ಅಂಗಡಿಯವರಿಗೆ ಬರೆದೆ, ಫೋನು ಮಾಡಿದೆ. ಅವರದು ಒಂದೇ ಪಾಠ: ಸರಕು ಎಲ್ಲಿ ಕೊಂಡಿರೋ ಅಲ್ಲಿನ ಬಿಲ್ಲು ಹಾಕಿ. ಆಯೇರಿಗೆ ಯಾರಾದರೂ ಬಿಲ್ಲು ಅಂಟಿಸಿ ಕೊಡುತ್ತಾರೆಯೇ? ಹಾಗಾದರೆ ಕೊಟ್ಟವರ ಹೆಸರು, ವಿಳಾಸ, ಅವರಿಂದ ಒಂದು ಹೇಳಿಕೆ ತನ್ನಿ ಎಂದರು. ತಂದಿದ್ದರೆ ಅರ್ಧ ದಿನದಲ್ಲಿ ಮುಗಿಯುತ್ತಿತ್ತು. ನನಗೆ ಸಾಮಾನು ಕೊಟ್ಟ ಹೆಂಗಸರು ಒಬ್ಬೊಬ್ಬರೂ ನನ್ನ ಕಣ್ಣ ಮುಂದೆ ಬಂದರು.

ಅಂಗಡಿಯವರು ಹೆಸರು ಕೇಳಿದ ಸುದ್ದಿ ಅದು ಹೇಗೆ ಹಬ್ಬಿತೋ, ಹಿರೇಬೆಂಡಿಗೇರಿಯಿಂದ ಅನ್ನವ್ವ ಬಂದಳು. ಹಿಂದಿನ ವರ್ಷ ಮಗಳ ಮದುವೆ ಮಾಡಿ ಮೂರು ಕುಕ್ಕರ್ ಕೊಟ್ಟಿದ್ದವಳು. ಕೂತಳು, ನೀರು ಕುಡಿದಳು, ಅಡಿಗೆಮನೆಯ ಬಾಗಿಲು ಮುಂದೆ ಮಾಡಿ ನನ್ನ ಕೈ ಹಿಡಿದುಕೊಂಡಳು.

“ನನ್ನ ಹೆಸರು ಹೊರಗ ಬಂದ್ರ ನನ್ನ ಮಗಳ ಬಾಳ್ವೆ ಹಾಳಾಗ್ತೈತಿ ಶೀಲಾ. ಬೀಗರ ಕಡಿ ಮಂದಿ ಕೊಟ್ಟ ಆಯೇರಿನೂ ಅದರಾಗ ಐತಿ. ನಿನ್ನ ಕಾಲಿಗೆ ಬೀಳ್ತೇನಿ.”

“ಕಾಲಿಗೆ ಬೀಳಬ್ಯಾಡ. ನಿನ್ನ ಹೆಸರು ಬರಂಗಿಲ್ಲ, ಹೋಗು.”

ಮಾತೇನೋ ಕೊಟ್ಟೆ. ಕೊಟ್ಟ ಮೇಲೆ ತಿಳಿಯಿತು: ನನ್ನ ಮೈಮೇಲಿನ ಮಸಿ ಒರೆಸಿಕೊಳ್ಳಲು ಇದ್ದ ಒಂದೇ ಬಟ್ಟೆಯನ್ನು ನಾನೇ ಅವಳ ಕೈಗೆ ಕೊಟ್ಟು ಕಳಿಸಿದ್ದೆ.

ಕೊನೆಯ ಆಸೆಯೆಂದು ಶಿಗ್ಗಾಂವಿಗೆ ಹೋದೆ. ಸಿರಿಗಂಟೆ ಕುಕ್ಕರಿಗೆ ನಮ್ಮ ನಾಲ್ಕೂ ತಾಲೂಕಿನ ವಿತರಕರು ಅಲ್ಲಿನ ಚನ್ನವೀರಪ್ಪ. ಪೇಟೆಯ ನಡುವೆ ದೊಡ್ಡ ಅಂಗಡಿ. ಈ ಸೀಮೆಯಲ್ಲಿ ಯಾವ ಮನೆಗೆ ಸಿರಿಗಂಟೆ ಹೋದರೂ ಅವರ ಗೋದಾಮಿನಿಂದಲೇ ಹೋಗಬೇಕು. ‘ಇವು ನಮ್ಮಿಂದ ಹೋದ ಮಾಲೇ’ ಎಂದು ಅವರು ಒಂದು ಮಾತು ಬರೆದುಕೊಟ್ಟರೆ ಯಾವ ಹೆಂಗಸಿನ ಹೆಸರೂ ಬೇಕಾಗುವುದಿಲ್ಲ ಎಂದು ನನ್ನ ಲೆಕ್ಕ.

ಅವರು ನನ್ನನ್ನು ನಿಲ್ಲಿಸಿಯೇ ಮಾತಾಡಿಸಿದರು. “ಬರ್ರಿ ಬರ್ರಿ, ನೀವೇನು ತಿಳವಳ್ಳ್ಯಾವ್ರು? ನಿಮ್ಮ ಮೊಬೈಲ್ ರೇಟು ತೋರಿಸಿ ಮಂದಿ ನನ್ನ ಜೋಡಿ ಚೌಕಾಶಿ ಮಾಡಾಕತ್ತಿದ್ರು. ಕಂಪನಿಗೆ ತಿಳಿಸಿದಾಂವ ನಾನ.”

“ಮಾಲು ನಿಮ್ಮದ ಐತಲ್ಲರೀ. ನಿಮ್ಮ ಅಂಗಡ್ಯಾಗ ಕೊಂಡು ಮಂದಿ ಆಯೇರಿ ಮಾಡಿದ್ದು.”

“ಬಿಲ್ಲು ತೋರಸ್ರಿ. ನನ್ನ ಬಿಲ್ಲು ಇಲ್ಲದ ಸಿರಿಗಂಟೆ ನನ್ನ ಪಾಲಿಗೆ ಖೊಟ್ಟಿನ,” ಎಂದು ಅವರು ಬೇರೆ ಗಿರಾಕಿಯ ಕಡೆ ತಿರುಗಿದರು. ಗಲ್ಲಾಪೆಟ್ಟಿಗೆಯ ಹತ್ತಿರ ಕೂತಿದ್ದ ಅವರ ಹೆಂಡತಿ ಸುಶೀಲವ್ವ ನನ್ನ ಮುಖ ನೋಡಿ ತಲೆ ತಗ್ಗಿಸಿದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಹಾಗೆಯೇ ಸ್ಕೂಟಿ ತಿರುಗಿಸಿದವಳು ಮನೆಗೆ ಹೋಗದೆ ನೆಟ್ಟಗೆ ಹಾನಗಲ್ಲಿಗೆ ಹೋದೆ, ವಕೀಲೆ ಜಯಾ ಅವರ ಆಫೀಸಿಗೆ.

ಜಯಾ ಅವರದು ಮಾತು ಕಡಿಮೆ, ಕೇಳುವುದು ಹೆಚ್ಚು. ನೋಟೀಸು, ಮುಚ್ಚಳಿಕೆ ಎರಡನ್ನೂ ಓದಿ, ಮುಚ್ಚಳಿಕೆಯನ್ನು ಮಡಚಿ ನನ್ನ ಕೈಗೆ ಕೊಟ್ಟರು.

“ಇದಕ್ಕ ಸಹಿ ಮಾಡಿಲ್ಲಲ್ಲ, ಛಲೋ ಆತು. ಕೇಳ್ರಿ ಶೀಲಾ. ಕಂಪನಿ ಒಂದು ಕುಕ್ಕರ್ ಮಾರಿ ರೊಕ್ಕ ತಗೊಂಡ್ತು ಅಂದ್ರ ಆ ಕುಕ್ಕರ್ ಮ್ಯಾಲ ಅದರ ಹಕ್ಕು ಅಲ್ಲಿಗೇ ಮುಗೀತು. ಕೊಂಡಾಂವ ಅದನ್ನ ಬಳಸಬಹುದು, ಆಯೇರಿ ಮಾಡಬಹುದು, ತಿರುಗಿ ಮಾರಬಹುದು. ಅಸಲಿ ಮಾಲನ್ನ ಅಸಲಿ ಹೆಸರಿಲೆ ಮಾರೂದು ತಪ್ಪಲ್ಲ. ಕಂಪನಿ ರೇಟಿಗಿಂತ ಕಡಿಮಿಗೆ ಮಾರೂದೂ ತಪ್ಪಲ್ಲ.”

“ಹಂಗಾದ್ರ ಅವರು ಹೆದರ್ಸಾಕತ್ತಾರಲ್ಲ?”

“ಬುಡ ಇಲ್ಲದ ಬೆದರಿಕಿ ಹಾಕಿದ್ರ ತಿರುಗಿ ಅವರ ಮ್ಯಾಲ ದಾವೆ ಹಾಕಾಕ ಟ್ರೇಡ್ ಮಾರ್ಕ್ ಕಾಯ್ದೆದಾಗ ಅವಕಾಶ ಐತಿ. ಬೆದರಿಕಿ ಸುಳ್ಳು ಅಂತ ಕೋರ್ಟಿನ ಕಡಿಂದ ಹೇಳಿಸಬಹುದು, ಇನ್ನ ಮುಂದ ಹಾಕದಂಗ ತಡಿಬಹುದು, ಆದ ನುಕ್ಸಾನೂ ಕೇಳಬಹುದು. ಹಾವೇರಿ ಜಿಲ್ಲಾ ಕೋರ್ಟಿಗೆ ಹೋಗೂಣು. ಅದು ಖೊಟ್ಟಿ ಅಂತ ಯಾವ ಆಧಾರದ ಮ್ಯಾಲ ಹೇಳಿದ್ರು ಅನ್ನೋದನ್ನ ಅವರ ಬಾಯಿಲೆ ಹೇಳ್ಲಿ.” ನೋಟೀಸನ್ನು ಫೈಲಿಗೆ ಸೇರಿಸುತ್ತ, “ಆದ್ರ ಯಾರಾದ್ರೂ ಒಬ್ಬಾಕಿ ಸಾಕ್ಷಿಗೆ ಬಂದ್ರ ಕೆಲಸ ಹಗುರ ಆಗ್ತೈತಿ,” ಎಂದರು.

“ಯಾರೂ ಬರಂಗಿಲ್ಲ ರೀ. ನಾನೂ ಕರಿಯಂಗಿಲ್ಲ,” ಎಂದೆ. ಅವರು ಒತ್ತಾಯಿಸಲಿಲ್ಲ.

ದಾವೆ ಹಾಕಿದ್ದು ಗೊತ್ತಾದಾಗ ಮನೆಯಲ್ಲಿ ರಾಮಾಯಣವಾಗುತ್ತದೆ ಎಂದುಕೊಂಡಿದ್ದೆ. ಅತ್ತೆ ಮಾತ್ರ ಚಹಾದ ಲೋಟ ಕೆಳಗಿಟ್ಟು, “ಖರ್ಚಿಗೆ ನನ್ನ ಹೈನದ ರೊಕ್ಕ ತಗೋ. ನಾನೂ ತಲಿ ಎತ್ತಿ ಅಡ್ಡಾಡಬೇಕಲ್ಲ,” ಎಂದರು. ಅದುವರೆಗೆ ನಾನು ಅವರನ್ನು ಬಾಯಿತುಂಬ ಅವ್ವ ಎಂದು ಕರೆದವಳಲ್ಲ. ಅವತ್ತು ಕರೆದೆ.

ಖಟ್ಲೆ ಎಂದರೆ ತಾರೀಖಿನ ಮೇಲೆ ತಾರೀಖು. ಬಸ್ಸಿನಲ್ಲಿ ಹಾವೇರಿಗೆ ಹೋಗುವುದು, ಜಗಲಿಯಲ್ಲಿ ಕೂರುವುದು, ಬರುವುದು. ಶರಣು ಮೊದಲೆರಡು ಸಲ ಮುಖ ಊದಿಸಿಕೊಂಡೇ ಜೊತೆಗೆ ಬಂದ, ಆಮೇಲೆ ತಾನೇ ಬುತ್ತಿ ಕಟ್ಟಿಸಿಕೊಂಡು ಹೊರಡತೊಡಗಿದ. ಕಂಪನಿಯ ಪರವಾಗಿ ಹುಬ್ಬಳ್ಳಿಯಿಂದ ಒಬ್ಬ ವಕೀಲರು ಕಾರಿನಲ್ಲಿ ಬರುತ್ತಿದ್ದರು. ಅವರು ಮುಂಬೈಯಿಂದ ಬಂದ ಉತ್ತರವನ್ನು ಕೋರ್ಟಿಗೆ ಕೊಟ್ಟ ದಿನ ಅದರ ಪ್ರತಿ ಜಯಾ ಅವರ ಕೈಗೆ ಬಂತು. ಜಗಲಿಯ ಬೆಂಚಿನ ಮೇಲೆ ಕೂತು ಅವರು ಓದಿ ಹೇಳಿದರು, ನಾನು ಕೇಳಿದೆ.

ಕುಕ್ಕರ್ ನಕಲಿ ಎನ್ನಲು ಅವರು ಎರಡು ಕಾರಣ ಕೊಟ್ಟಿದ್ದರು. ಒಂದು, ಡಬ್ಬಿಯನ್ನು ಮೊದಲೇ ಒಮ್ಮೆ ಬಿಚ್ಚಿ, ಕಂಪನಿಯ ಟೇಪನ್ನೇ ಹೋಲುವ ಟೇಪಿನಿಂದ ಮತ್ತೆ ಮುಚ್ಚಲಾಗಿದೆ. ಎರಡು, ಕುಕ್ಕರಿನ ತಳದಲ್ಲಿ ಕಂಪನಿ ಹಾಕದ, ಅರ್ಥವಾಗದ ಯಾವುದೋ ಗುರುತುಗಳಿವೆ, ಅವು ನಕಲಿ ಕಾರಖಾನೆಯ ಗುರುತುಗಳೇ ಇರಬೇಕು. ಜೊತೆಗೆ ಫೋಟೋ ಇತ್ತು. ಮಸುಕಾದ ಫೋಟೋ, ಅದೂ ತಲೆಕೆಳಗಾಗಿ ಅಂಟಿಸಿದ್ದು. ಕಾಗದವನ್ನು ತಿರುಗಿಸಿ ಹಿಡಿದೆ. ಪಾತ್ರೆ ಅಂಗಡಿಯಲ್ಲಿ ಮಷೀನಿನಿಂದ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆಯುತ್ತಾರಲ್ಲ, ಅವೇ ಚುಕ್ಕೆಗಳು. ಕನ್ನಡದಲ್ಲಿ. ಮುಂಬೈಯಲ್ಲಿ ಕೂತವರಿಗೆ ಅವು ಗುರುತಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಆಯೇರಿ ಕೊಡುವವರಲ್ಲಿ ಕೆಲವರಿಗೆ ಮೈಕಿನಲ್ಲಿ ಹೆಸರು ಕೂಗಿದರೂ ಸಾಲದು. ಪಾತ್ರೆಯ ತಳದಲ್ಲಿ ಕೊರೆಸಿಯೇ ಕೊಡುತ್ತಾರೆ, ಮೊಮ್ಮಕ್ಕಳ ಕಾಲಕ್ಕೂ ಯಾರು ಕೊಟ್ಟದ್ದೆಂದು ತಿಳಿಯಲಿ ಅಂತ. ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ‘ಶಿಗ್ಗಾಂವದ ಚನ್ನವೀರಪ್ಪನವರ ಆಯೇರಿ.’

ಮೊದಲು ನಂಬಲಿಲ್ಲ. ಜಯಾ ಅವರ ಕೈಗೆ ಕೊಟ್ಟೆ. ಅವರೂ ಓದಿದರು. ಶರಣುವಿಗೆ ತೋರಿಸಿದೆ, ಅವನು ಬುತ್ತಿಗಂಟು ಬಿಟ್ಟು ನಿಂತ. ಎಲ್ಲ ತಿಳಿಯಾಯಿತು. ಯಾವುದೋ ಮದುವೆಗೆಂದು ಚನ್ನವೀರಪ್ಪ ತಮ್ಮ ಗೋದಾಮಿನ ಹೊಸ ಡಬ್ಬಿ ಬಿಚ್ಚಿ, ಕುಕ್ಕರಿನ ತಳದಲ್ಲಿ ಹೆಸರು ಕೊರೆಸಿ, ತಮ್ಮಲ್ಲೇ ಇದ್ದ ಕಂಪನಿಯ ಟೇಪಿನಿಂದ ಮತ್ತೆ ನೀಟಾಗಿ ಮುಚ್ಚಿದ್ದರು. ವಿತರಕರಲ್ಲವೇ, ಟೇಪಿಗೆ ಏನು ಬರ. ಅದಕ್ಕೇ ನನಗೂ ಅದು ಬಿಚ್ಚದ ಡಬ್ಬಿಯಾಗಿ ಕಂಡಿತ್ತು. ಅವರೇ ಕೊಟ್ಟ ಕುಕ್ಕರು ನನ್ನ ಕೈಯಿಂದ ಹಾದು, ಅವರದೇ ದೂರಿನ ಮೇಲೆ ಮುಂಬೈಗೆ ಹೋಗಿ ಖೊಟ್ಟಿ ಎನಿಸಿಕೊಂಡು ಬಂದಿತ್ತು. ನಾನು ನಗತೊಡಗಿದೆ. ಜಗಲಿಯಲ್ಲಿದ್ದ ಪೋಲೀಸಪ್ಪ ಒಬ್ಬ ತಿರುಗಿ ನೋಡಿದ. ನನಗೆ ನಿಲ್ಲಿಸಲಾಗಲಿಲ್ಲ.

“ಈಗ ಬಾಯಿ ಮುಚ್ಚಿಕೊಂಡು ಇರ್ರಿ,” ಎಂದರು ಜಯಾ. “ಕಂಪನಿ ಕಡಿ ಸಾಕ್ಷಿ ಅಂದ್ರ ಚನ್ನವೀರಪ್ಪ. ಕಟಕಟೆಗೆ ಬರ್ಲಿ.” ಬಾಯಿ ಮುಚ್ಚಿಕೊಂಡಿರುವುದು ನನಗೆ ಹೊಸದೇನಲ್ಲ.

ಸಾಕ್ಷಿಯ ದಿನ ಚನ್ನವೀರಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಣೆತುಂಬ ವಿಭೂತಿ ಹಚ್ಚಿ ಬಂದರು. ಜಯಾ ಕೇಳಿಕೊಂಡಿದ್ದಂತೆ ಆ ಕುಕ್ಕರನ್ನೂ ಕಂಪನಿ ಕೋರ್ಟಿಗೆ ಕಳಿಸಿತ್ತು. ಅದು ಮೇಜಿನ ಮೇಲೆ ಬಟ್ಟೆಯ ಚೀಲದಲ್ಲಿತ್ತು. ಹುಬ್ಬಳ್ಳಿಯ ವಕೀಲರು ಕೇಳಿದ್ದಕ್ಕೆಲ್ಲ ಅವರು ಗಟ್ಟಿ ದನಿಯಲ್ಲಿ ಉತ್ತರ ಕೊಟ್ಟರು. ಹೌದು, ತಾನೇ ವಿತರಕ. ಹೌದು, ಶೀಲಾ ಮಾರುವ ಮಾಲಿಗೂ ತನ್ನ ಗೋದಾಮಿಗೂ ಸಂಬಂಧವಿಲ್ಲ. ಹೌದು, ಈ ಕುಕ್ಕರ್ ನಕಲಿ.

ಜಯಾ ಎದ್ದರು. ಚೀಲ ಬಿಚ್ಚಿ ಕುಕ್ಕರನ್ನು ಬೋರಲು ಮಾಡಿ ಅವರ ಮುಂದೆ ಹಿಡಿದರು.

“ತಳದಾಗ ಏನ್ ಬರದೈತಿ, ಸ್ವಲ್ಪ ಓದ್ರಿ.”

ಚನ್ನವೀರಪ್ಪ ಕನ್ನಡಕ ಹಾಕಿಕೊಂಡು ಬಗ್ಗಿದರು. ಬಗ್ಗಿದವರು ಬಹಳ ಹೊತ್ತು ಮೇಲೇಳಲಿಲ್ಲ. ನ್ಯಾಯಾಧೀಶರು ಮಹಿಳೆ, ನಡುವಯಸ್ಸಿನವರು. ಓದಿ, ಎಂದರು. ಚನ್ನವೀರಪ್ಪ ಓದಿದರು. ಮದುವೆ ಮಂಟಪದ ಮೈಕಿನಲ್ಲಿ ಎಷ್ಟೋ ಸಲ ಗಟ್ಟಿಯಾಗಿ ಕೇಳಿದ ಹೆಸರು ಅಲ್ಲಿ ಪಿಸುಮಾತಾಗಿ ಬಂತು.

“ಇದು ನೀವು ಕೊಟ್ಟ ಆಯೇರಿ ಏನ್ರಿ?”

“ಇರಬಹುದು ರೀ. ನಾ ಬಹಳ ಮದಿವಿಗೆ ಕೊಟ್ಟೇನಿ.”

“ಯಾರ ಮದಿವಿ?”

ಅನ್ನವ್ವನ ಮುಖ ಕಣ್ಣ ಮುಂದೆ ಬಂತು. ಈ ಪ್ರಶ್ನೆ ಕೇಳಬೇಡಿ ಎಂದು ಜಯಾ ಅವರಿಗೆ ಮೊದಲೇ ಹೇಳಬೇಕಾಗಿತ್ತು.

“ನೆನಪಿಲ್ಲ ರೀ. ಸೀಜನ್ನಿಗೆ ಎಷ್ಟೋ ಹೋಗ್ತಾವು,” ಎಂದರು ಅವರು. ಕೊಟ್ಟದ್ದನ್ನು ಊರೆಲ್ಲ ನೆನಪಿಡಲಿ ಎಂದು ಕೊರೆಸಿದ ಮನುಷ್ಯನಿಗೆ ಕೊಟ್ಟದ್ದು ಯಾರಿಗೆಂದೇ ನೆನಪಿರಲಿಲ್ಲ. ಆ ಮರೆವಿಗೆ ನಾನು ಕೈ ಮುಗಿಯುತ್ತೇನೆ.

ಜಯಾ ಬಿಡಲಿಲ್ಲ. “ಹಂಗಾದ್ರ ಎರಡರಾಗ ಒಂದು ಹೇಳ್ರಿ. ಈ ಕುಕ್ಕರ್ ಖೊಟ್ಟಿ ಅಂತ ಈಗ ಪ್ರಮಾಣ ಮಾಡಿ ಹೇಳೀರಿ. ಇದು ನಿಮ್ಮ ಆಯೇರಿ. ಅಂದ್ರ ನೀವು ಮದಿವಿಗೆ ಖೊಟ್ಟಿ ಮಾಲು ಆಯೇರಿ ಮಾಡ್ತೀರಿ ಅಂತ ಬರಕೊಳ್ಳೂಣೇನು?”

ಚನ್ನವೀರಪ್ಪನವರ ಮುಖ ಕೆಂಪಾಯಿತು. ಹುಬ್ಬಳ್ಳಿಯ ವಕೀಲರು ಎದ್ದು ಏನೋ ಅನ್ನಲು ಹೋದರು. ಅವರಿಗಿಂತ ಮೊದಲು ಚನ್ನವೀರಪ್ಪನವರೇ ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ದನಿ ಎತ್ತಿದರು.

“ಖೊಟ್ಟಿ ಆಯೇರಿ ಮಾಡೋ ಮನಿತನ ನಮ್ಮದಲ್ಲ ರೀ ಸಾಹೇಬ್ರ. ನಮ್ಮ ಅಜ್ಜನ ಕಾಲದಿಂದ ಯಾರೂ ಹಂಗ ಅಂದಿಲ್ಲ. ಇದು ನನ್ನ ಗೋದಾಮಿನ ಮಾಲು, ಅಸಲಿ ಮಾಲು. ಬೇಕಾದ್ರ ನಂಬರ್ ತಾಳೆ ನೋಡ್ರಿ.”

ಟೈಪ್ ಮಾಡುವ ಹುಡುಗಿ ಅದಷ್ಟನ್ನೂ ಟಕಟಕ ಬಡಿದುಕೊಂಡಳು. ಕಂಪನಿಗಾಗಿ ಸುಳ್ಳು ಹೇಳಲು ಬಂದ ಮನುಷ್ಯ ಮನೆತನದ ಹೆಸರಿಗಾಗಿ ಸತ್ಯ ಹೇಳಿಬಿಟ್ಟರು. ಅವರ ಮೇಲೆ ನನಗಿದ್ದ ಸಿಟ್ಟು ಅರ್ಧ ಅಲ್ಲೇ ಇಳಿಯಿತು. ಇನ್ನರ್ಧ ಇಟ್ಟುಕೊಂಡೆ.

ಹುಬ್ಬಳ್ಳಿಯ ವಕೀಲರು ಸುಮ್ಮನೆ ಸೋಲುವವರಲ್ಲ. ಮಾಲು ಅಸಲಿ ಎಂದೇ ಇಟ್ಟುಕೊಂಡರೂ, ಹೀಗೆ ತಳ ಕೊರೆದ ಮೇಲೆ ಅದರ ಸ್ಥಿತಿ ಬದಲಾಯಿತು, ಅಂಥದ್ದರ ಮಾರಾಟವನ್ನು ಆಕ್ಷೇಪಿಸಲು ಕಾಯ್ದೆ ಕಂಪನಿಗೆ ಅವಕಾಶ ಕೊಟ್ಟಿದೆ ಎಂದು ವಾದಿಸಿದರು. ಜಯಾ ಅದಕ್ಕೆ ಹೇಳಿದ್ದು ಇಷ್ಟೇ: ಆ ಆಕ್ಷೇಪವನ್ನು ಅವರು ಎಂದೂ ಎತ್ತಿರಲಿಲ್ಲ, ನಕಲಿ ಎಂದೇ ಊರೂರಿಗೆ ಸಾರಿದ್ದರು, ಫೌಜದಾರಿ ಕೇಸಿನ ಬೆದರಿಕೆ ಹಾಕಿದ್ದರು. ಅಸಲಿ ಕುಕ್ಕರಿನ ತಳದಲ್ಲಿ ಹೆಸರಿದೆ ಎಂದು ಬರೆದಿದ್ದರೆ ಈ ಹೆಣ್ಣುಮಗಳು ಒಂದು ಕುಕ್ಕರ್ ವಾಪಸು ತೆಗೆದುಕೊಂಡು ಸುಮ್ಮನಾಗುತ್ತಿದ್ದಳು. ನ್ಯಾಯಾಧೀಶರು ಕುಕ್ಕರಿನ ನಂಬರನ್ನು ತಾಳೆ ನೋಡಿ ತಿಳಿಸಲು ಕಂಪನಿಗೆ ಹೇಳಿದರು. ಮುಂದಿನ ತಾರೀಖಿಗೆ ಉತ್ತರ ಬಂತು. ಆ ನಂಬರಿನ ಕುಕ್ಕರ್ ಕಂಪನಿಯ ಕಾರಖಾನೆಯಲ್ಲೇ ತಯಾರಾಗಿ ಶಿಗ್ಗಾಂವಿಗೆ ಹೋಗಿತ್ತು. ಇಷ್ಟನ್ನು ನೋಡಲು ಅವರಿಗೆ ಮೊದಲೇ ಯಾರೂ ಅಡ್ಡಿ ಮಾಡಿರಲಿಲ್ಲ.

ತೀರ್ಪಿಗೆ ಮೊದಲು ಕಂಪನಿ ಬಾಲ ಮುದುರಿಕೊಂಡು ರಾಜಿಗೆ ಬಂತು. ದೂರು ವಾಪಸು, ಅಂಗಡಿ ತೆರೆಸುವುದು, ನುಕ್ಸಾನಿನ ರೊಕ್ಕ, ಎಲ್ಲ ಕೊಡುತ್ತಾರಂತೆ. ಒಂದೇ ಷರತ್ತು: ಈ ವಿಷಯ ಹೊರಗೆ ಎಲ್ಲೂ ಆಡಬಾರದು. ಶರಣು ನನ್ನ ಕಡೆ ನೋಡಿದ. ಈ ಸಲ ಸಹಿ ಹಾಕು ಎನ್ನಲಿಲ್ಲ.

“ಖೊಟ್ಟಿ ಅಂತ ಹೇಳೂಮುಂದ ಊರಿಗೆಲ್ಲಾ ಹೇಳ್ಯಾರ,” ಎಂದೆ ಜಯಾ ಅವರಿಗೆ. “ಅಸಲಿ ಅಂತ ಹೇಳೂದನ್ನ ಬಚ್ಚಲದಾಗ ಹೇಳ್ತಾರೇನು? ಯಾರ್ಯಾರಿಗೆ ಆ ಮೆಸೇಜು ಹೋಗಿತ್ತೋ ಅವರಷ್ಟೂ ಮಂದಿಗೆ ಇದೂ ಹೋಗಬೇಕು. ಕನ್ನಡದಾಗ ಹೋಗಬೇಕು. ರೊಕ್ಕ ಅವರ ಹಂತೇಕನ ಇರ್ಲಿ ಬೇಕಾದ್ರ.”

“ರೊಕ್ಕ ಯಾಕ ಬಿಡ್ತೀರಿ,” ಎಂದು ಜಯಾ ನಕ್ಕರು. “ಎರಡೂ ತಗೊಳ್ಳೂಣು.”

ಎರಡೂ ಸಿಕ್ಕವು. ಕಂಪನಿ ಷರತ್ತು ಬಿಟ್ಟು ಒಪ್ಪಿದ ರಾಜಿಯ ಮೇಲೆ, ಅದರ ದೂರು ಮತ್ತು ಬೆದರಿಕೆ ಆಧಾರವಿಲ್ಲದವು ಎಂದು ಕೋರ್ಟು ಆದೇಶ ಮಾಡಿತು. ಇನ್ನು ಮುಂದೆ ಹಾಗೆ ಮಾಡದಂತೆ ತಡೆಯಿತು. ಕಂಪನಿ ಮೊದಲು ಕಳಿಸಿದ ಕರಡಿನಲ್ಲಿ ‘ಅಚಾತುರ್ಯದಿಂದ ಗೊಂದಲ ಉಂಟಾಗಿರಬಹುದು’ ಎಂದಿತ್ತು. ನಾನು ಒಪ್ಪಲಿಲ್ಲ. ಕೊನೆಗೆ ಹೋದ ಸಂದೇಶ ಹೀಗಿತ್ತು: ‘ತಿಳವಳ್ಳಿಯ ಶೀಲಾ ಅವರು ನಿಮಗೆ ಮಾರಿದ ಸಿರಿಗಂಟೆ ಕುಕ್ಕರ್ ಅಸಲಿ. ನಕಲಿ ಎಂದು ನಾವು ಹೇಳಿದ್ದು ತಪ್ಪು.’

ಅದು ಬಂದ ಬೆಳಿಗ್ಗೆ ಅತ್ತೆ ನನ್ನ ಮೊಬೈಲನ್ನು ಕಸಿದುಕೊಂಡು ಓಣಿಗೆ ಇಳಿದರು. ಓದಲು ಬರುವವರನ್ನು ಹಿಡಿದು ಹಿಡಿದು ಓದಿಸಿದರು. “ನಂಗ ಕನ್ನಡಕ ಇಲ್ಲವ್ವ, ಏನ್ ಬರದಾರ ನೋಡು,” ಎಂದು ಪ್ರತಿಯೊಬ್ಬರಿಗೂ ಹೊಸದಾಗಿ ಕೇಳುತ್ತಿದ್ದರು. ಕನ್ನಡಕ ಅವರ ಸೊಂಟದ ಚೀಲದಲ್ಲೇ ಇತ್ತು. ಆಮೇಲೆ ಅಲ್ಲಿಂದಲೇ ಗುಡಿಗೆ ಹೋದರು. ಮಾಸೂರಿನ ಉಳಿವೆಪ್ಪ ಫೋನು ಮಾಡಿ, “ತಪ್ಪು ತಿಳ್ಕೋಬ್ಯಾಡವ್ವ, ನಮ್ಮ ಕುಕ್ಕರ್ ಐತೇನು?” ಎಂದರು. ಒರೆಸಿ ಇಟ್ಟಿದ್ದೇನೆ, ಬರ್ರಿ, ಊಟಕ್ಕೇ ಬರ್ರಿ ಎಂದೆ. ಫೋನಿಟ್ಟ ಮೇಲೆ ಆ ಕುಕ್ಕರನ್ನು ಇನ್ನೊಮ್ಮೆ ಒರೆಸಿದೆ.

ಅಂಗಡಿ ಮತ್ತೆ ತೆರೆದು ಒಂದು ವಾರವಾಗಿರಬೇಕು. ಬಾಗಿಲ ಮುಂದೆ ಆಟೋ ನಿಂತಿತು. ಇಳಿದವರು ಸುಶೀಲವ್ವ, ಚನ್ನವೀರಪ್ಪನವರ ಹೆಂಡತಿ. ಒಬ್ಬರೇ ಬಂದಿದ್ದರು. ಏನೋ ಜಗಳ ಬಂತೆಂದು ಸೆರಗು ಬಿಗಿದು ನಿಂತೆ. ಅವರು ಅತ್ತಿತ್ತ ನೋಡಿ, ಆಟೋದ ಹಿಂದಿನ ಸೀಟಿನಿಂದ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿದರು. ಮಿಕ್ಸರ್, ಇಸ್ತ್ರಿ ಪೆಟ್ಟಿಗೆ, ಗೋಡೆ ಗಡಿಯಾರಗಳು, ತಮ್ಮ ಮಗನ ಮದುವೆಯಲ್ಲಿ ಬಂದವು.

“ಕುಂದ್ರಿ, ಚಹಾ ಮಾಡ್ತೇನಿ,” ಎಂದೆ.

“ಚಹಾ ಇರ್ಲಿ,” ಎಂದು ಅವರು ಒಳಗೆ ಬಂದು ಕೂತರು. “ಕೋರ್ಟಿನಾಗ ನೀವು ಒಬ್ಬಾಕಿ ಹೆಸರೂ ತಗೀಲಿಲ್ಲಂತ. ಶಿಗ್ಗಾಂವದಾಗ ಹೆಣ್ಣಮಕ್ಕಳೆಲ್ಲಾ ಇದನ್ನ ಮಾತಾಡಾಕತ್ತಾರ. ತಗದಿದ್ರ ನಿಮ್ಮ ಕೆಲಸ ಅವತ್ತ ಆಗ್ತಿತ್ತು.”

ನಾನು ಡಬ್ಬಿಗಳನ್ನು ಒಂದೊಂದಾಗಿ ನಡುಮನೆಗೆ ತಂದಿಟ್ಟೆ.

“ಇವನ್ನ ತಗೋರಿ. ನಮ್ಮ ಯಜಮಾನ್ರಿಗೆ ಗೊತ್ತಾಗಬಾರದು.”

ನ್ಯಾಯಾಧೀಶರು ಆದೇಶ ಓದಿದ ದಿನ ನಾನು ಗೆದ್ದೆನೆಂದು ಎಲ್ಲರೂ ಹೇಳಿದ್ದರು. ನನಗೆ ಗೆದ್ದಂತೆ ಅನಿಸಿದ್ದು ಈಗ, ವೈರಿಯ ಮನೆಯ ಹೆಂಗಸು ತನ್ನ ಗಂಡನಿಗೂ ಹೇಳದ ಗುಟ್ಟನ್ನು ನನ್ನ ನಡುಮನೆಯಲ್ಲಿ ಇಳಿಸಿ, ನಿಶ್ಚಿಂತೆಯಿಂದ ಗೋಡೆಗೆ ಒರಗಿ ಕೂತಾಗ. ಬೆಲೆ ಮಾತಾಡಿದೆವು. ಅವರು ಒಂಚೂರೂ ಬಿಟ್ಟುಕೊಡಲಿಲ್ಲ, ನಾನೂ ಬಿಟ್ಟುಕೊಡಲಿಲ್ಲ, ಕೊನೆಗೆ ನಡುವೆ ಎಲ್ಲೋ ಒಪ್ಪಿದೆವು. ಆಮೇಲೆ ಅಡಿಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟೆ, ಸಕ್ಕರೆ ಎಷ್ಟು ಹಾಕಲಿ ಎಂದು ಅಲ್ಲಿಂದಲೇ ಕೂಗಿ ಕೇಳಿದೆ.